‘ಗ್ಯಾಸ್’ ಎಂಬ ಒಂದೇ ಹೆಸರು, ಹಲವು ಬೇನೆಗಳು

(ಅನಗವಾಡಿಯಲ್ಲಿ ಗಿರಣಿ ಕೆಲಸಗಾರರೂ ಸಣ್ಣ ವ್ಯಾಪಾರಸ್ಥರೂ ಕೂಡಿದ್ದ ಸಭೆಯಲ್ಲಿ ಮಾಡಿದ ಭಾಷಣ)



ಇಂದಿನ ಮಾತು ಹೊಟ್ಟೆಯದು. ನಮ್ಮ ಸಭೆಗಳಿಗೆ ಹೊಟ್ಟೆಯ ಮಾತು ಹೊಸದಲ್ಲ. ಆದರೆ ನಾವು ಯಾವಾಗಲೂ ಮಾತಾಡುವುದು ಖಾಲಿ ಹೊಟ್ಟೆಯ ವಿಷಯ. ಇಂದು ನೋಯುವ ಹೊಟ್ಟೆಯ ವಿಷಯ ಮಾತಾಡೋಣ. ಇವೆರಡೂ ಬೇರೆ ಬೇರೆ ಅಲ್ಲವೆಂಬುದು ಕೊನೆಯ ಹೊತ್ತಿಗೆ ತಮಗೇ ತಿಳಿದೀತು.

ಪಾಳಿ ಮುಗಿಸಿ ಬರುವವನನ್ನು ನಿಲ್ಲಿಸಿ ಕೇಳಿರಿ: “ಯಾಕಪಾ, ಮಾರಿ ಸಪ್ಪಗೈತಿ?” ಅವನು ಹೇಳುವ ಉತ್ತರ ಒಂದೇ: “ಏನಿಲ್ರಿ, ಸ್ವಲ್ಪ ಗ್ಯಾಸ್ ಆಗೇತಿ.” ಎದೆ ಉರಿದರೂ ಗ್ಯಾಸ್, ಓಕರಿಕೆ ಬಂದರೂ ಗ್ಯಾಸ್, ಹೊಟ್ಟೆ ಉಬ್ಬಿದರೂ ಗ್ಯಾಸ್. ನಮ್ಮ ಹಿರಿಯರು ಇದನ್ನೇ ಪಿತ್ತ ಎನ್ನುತ್ತಿದ್ದರು, ಬಟ್ಟಿ ಸರಿದಿದೆ ಎನ್ನುತ್ತಿದ್ದರು. ಹೆಸರು ಇಟ್ಟ ಕೂಡಲೆ ಬೇನೆ ತಿಳಿಯಿತೆಂದು ನಮಗೆ ಸಮಾಧಾನ. ಒಂದು ಗುಳಿಗೆ ನುಂಗುತ್ತೇವೆ, ಒಂದು ಸೋಡಾ ಕುಡಿಯುತ್ತೇವೆ, ಮರುದಿನ ಕೆಲಸಕ್ಕೆ ಹೋಗುತ್ತೇವೆ. ಎಂಟು ದಿನಕ್ಕೆ ಮತ್ತೆ ಅದೇ ಬೇನೆ. ಹೀಗೆ ವರ್ಷಗಳು ಉರುಳುತ್ತವೆ.

ನಾನು ವೈದ್ಯನಲ್ಲ. ಮ್ಯಾಟ್ರಿಕ್ ಓದಿ, ಕೆಲಕಾಲ ಸಾಲಿಯಲ್ಲಿ ಮಾಸ್ತರಿಕೆ ಮಾಡಿದವನು. ಮದ್ದು ಹೇಳಲು ಇಲ್ಲಿ ನಿಂತಿಲ್ಲ. ಮಾಸ್ತರನಾದವನು ಮಾಡಬಹುದಾದದ್ದೊಂದೇ: ಒಂದೇ ಗಂಟಿನಲ್ಲಿ ಕಟ್ಟಿಟ್ಟದ್ದನ್ನು ಬಿಚ್ಚಿ ಒಂದೊಂದಾಗಿ ತೋರಿಸುವುದು. ಆ ಕೆಲಸ ಮಾಡುತ್ತೇನೆ.

ಮೊದಲು, ಜಠರವೆಂದರೇನು? ಇದನ್ನು ಜಗತ್ತಿಗೆ ಕಲಿಸಿದವನು ಒಬ್ಬ ಕೂಲಿಯಾಳು. ೧೮೨೨ರಲ್ಲಿ ಅಮೆರಿಕದ ಮ್ಯಾಕಿನಾ ದ್ವೀಪದಲ್ಲಿ ಅಲೆಕ್ಸಿ ಸೇಂಟ್ ಮಾರ್ಟಿನ್ ಎಂಬ ಆಳಿಗೆ ಅಕಸ್ಮಾತ್ ಬಂದೂಕಿನ ಗುಂಡು ತಗಲಿತು. ಅವನು ತುಪ್ಪುಳಿನ ಚರ್ಮ ವ್ಯಾಪಾರದ ಕಂಪನಿಯಲ್ಲಿ ದುಡಿಯುತ್ತಿದ್ದವನು. ಪ್ರಾಣ ಉಳಿಯಿತು, ಆದರೆ ಹೊಟ್ಟೆಯ ಮೇಲಿನ ತೂತು ಮುಚ್ಚಲಿಲ್ಲ. ಅವನಿಗೆ ಚಿಕಿತ್ಸೆ ಮಾಡಿದ ಸೈನ್ಯದ ವೈದ್ಯ ವಿಲಿಯಂ ಬ್ಯೂಮಾಂಟ್ ಆ ತೂತಿನೊಳಗೆ ದಾರಕ್ಕೆ ಕಟ್ಟಿದ ಮಾಂಸದ ತುಂಡು, ರೊಟ್ಟಿಯ ತುಂಡು ಇಳಿಬಿಟ್ಟು, ಹೊತ್ತು ಹೊತ್ತಿಗೆ ಎಳೆದು ನೋಡಿದ. ಅನ್ನ ಕರಗುವುದು ಒಳಗಿನ ಒಂದು ಆಮ್ಲರಸದಿಂದ ಎಂಬುದನ್ನು ಕಣ್ಣಾರೆ ಕಂಡ. ಆ ಆಳು ಸಿಟ್ಟಿಗೆದ್ದಾಗ, ಜ್ವರ ಬಂದಾಗ ಜಠರದ ಒಳಗೋಡೆಯ ರೀತಿಯೇ ಬದಲಾಗುವುದನ್ನೂ ಕಂಡ. ೧೮೩೩ರಲ್ಲಿ ಪುಸ್ತಕ ಬರೆದ. ವೈದ್ಯನಿಗೆ ಕೀರ್ತಿ ಬಂತು. ಹೊಟ್ಟೆ ಕೊಟ್ಟವನು ಆ ವೈದ್ಯನ ಮನೆಯಲ್ಲಿಯೇ ಕಟ್ಟಿಗೆ ಒಡೆಯುವ ಚಾಕರಿಯನ್ನೂ ಮಾಡಿದ.

ಆ ರಸ ಹೈಡ್ರೋಕ್ಲೋರಿಕ್ ಆಮ್ಲ. ಬಹಳ ತೀಕ್ಷ್ಣವಾದದ್ದು. ಹಾಗಾದರೆ ಅದು ನಮ್ಮ ಜಠರವನ್ನೇ ಯಾಕೆ ತಿಂದುಹಾಕುವುದಿಲ್ಲ? ಒಳಗೋಡೆಯ ಮೇಲೆ ಲೋಳೆಯ ಒಂದು ಪದರವಿದೆ. ಮನೆಯ ಗೋಡೆಗೆ ಗಿಲಾವು ಇದ್ದ ಹಾಗೆ. ಗಿಲಾವು ಕಿತ್ತರೆ ಗೋಡೆಗೆ ಕೇಡು. ಪದರು ಹರಿದರೆ ಜಠರಕ್ಕೆ ಉರಿ, ಆಮೇಲೆ ಹುಣ್ಣು. ಈ ಗಿಲಾವನ್ನು ಕೀಳುವವರು ಯಾರು ಯಾರು ಎಂಬುದನ್ನು ಈಗ ನೋಡೋಣ.

ಮೊದಲನೆಯ ಕಾರಣ, ಒಂದು ಸೂಕ್ಷ್ಮಜೀವಿ. ಅದರ ಹೆಸರು ಹೆಲಿಕೊಬ್ಯಾಕ್ಟರ್ ಪೈಲೋರಿ. ಬಹುಕಾಲ ದೊಡ್ಡ ದೊಡ್ಡ ವೈದ್ಯರೂ ಹೊಟ್ಟೆಯ ಹುಣ್ಣಿಗೆ ಚಿಂತೆ ಮತ್ತು ಖಾರವೇ ಮೂಲವೆಂದು ನಂಬಿದ್ದರು. ರೋಗಿಗೆ, “ಚಿಂತೆ ಬಿಡು, ಹಾಲು ಕುಡಿ” ಎನ್ನುತ್ತಿದ್ದರು. ಸಾಲವಿದ್ದವನಿಗೆ ಚಿಂತೆ ಬಿಡು ಎಂದರೆ ಹೇಗೆ ಬಿಟ್ಟಾನು? ೧೯೭೯ರಲ್ಲಿ ಆಸ್ಟ್ರೇಲಿಯಾದ ಪರ್ತ್ ನಗರದ ರಾಬಿನ್ ವಾರೆನ್ ಎಂಬ ವೈದ್ಯ ರೋಗಿಗಳ ಜಠರದ ಚೂರಿನಲ್ಲಿ ಸುರುಳಿಯಂಥ ಜೀವಿಗಳನ್ನು ಕಂಡ. ೧೯೮೨ರಲ್ಲಿ ಬ್ಯಾರಿ ಮಾರ್ಷಲ್ ಎಂಬ ತರುಣ ವೈದ್ಯ ಅವನ ಜೊತೆ ಸೇರಿ ಆ ಜೀವಿಯನ್ನು ಪ್ರಯೋಗಶಾಲೆಯಲ್ಲಿ ಬೆಳೆಸಿದ. ಆಮ್ಲದಲ್ಲಿ ಜೀವಿ ಬದುಕುವುದುಂಟೇ ಎಂದು ಪಂಡಿತರು ನಕ್ಕರು. ೧೯೮೪ರಲ್ಲಿ ಮಾರ್ಷಲ್ ಆ ಜೀವಿಗಳಿದ್ದ ದ್ರವವನ್ನು ತಾನೇ ಕುಡಿದುಬಿಟ್ಟ. ಕೆಲವೇ ದಿನಗಳಲ್ಲಿ ಓಕರಿಕೆ, ವಾಂತಿ. ನಳಿಗೆ ಇಳಿಸಿ ನೋಡಿದರೆ ಜಠರ ಬಾತಿತ್ತು. ೨೦೦೫ರಲ್ಲಿ ಇಬ್ಬರಿಗೂ ನೊಬೆಲ್ ಬಹುಮಾನ ಬಂತು.

ಈ ಜೀವಿ ಜಗತ್ತಿನ ಸುಮಾರು ಅರ್ಧದಷ್ಟು ಜನರ ಹೊಟ್ಟೆಯಲ್ಲಿದೆ. ಬಹಳ ಜನಕ್ಕೆ ಏನೂ ತೊಂದರೆಯಾಗುವುದಿಲ್ಲ. ಕೆಲವರಿಗೆ ಹುಣ್ಣಾಗುತ್ತದೆ. ಇನ್ನೂ ಕೆಲವರಿಗೆ ಬಹುಕಾಲದ ಮೇಲೆ ಜಠರದ ಕ್ಯಾನ್ಸರ್ ಆಗುವುದುಂಟು. ೧೯೯೪ರಲ್ಲಿಯೇ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಶಾಖೆ ಇದನ್ನು ಕ್ಯಾನ್ಸರ್ ತರುವ ಕಾರಣಗಳ ಯಾದಿಯಲ್ಲಿ ಸೇರಿಸಿತು. ಇದು ಬಹುಮಟ್ಟಿಗೆ ಬಾಲ್ಯದಲ್ಲಿಯೇ ಅಂಟುತ್ತದೆ. ಒಂದೇ ಕೋಣೆಯಲ್ಲಿ ಏಳೆಂಟು ಜನ ಮಲಗುವ ಮನೆ, ಶೌಚದ ಅನುಕೂಲವಿಲ್ಲದ ಓಣಿ, ಹೊಲಸು ಸೇರಿದ ನೀರು, ಇವು ಅದಕ್ಕೆ ಹಾದಿ. ಬಂಗಲೆಯಲ್ಲಿರುವವನಿಗಿಂತ ಚಾಳಿನಲ್ಲಿರುವವನಿಗೆ ಇದು ಹೆಚ್ಚಾಗಿ ಅಂಟಲು ಇದೇ ಕಾರಣ.

ಸಂತೋಷದ ಸಂಗತಿಯೆಂದರೆ, ಇದನ್ನು ಔಷಧದಿಂದ ನಾಶಮಾಡಬಹುದು. ಮಲದ ಪರೀಕ್ಷೆ, ಉಸಿರಿನ ಪರೀಕ್ಷೆ, ಇಲ್ಲವೆ ಎಂಡೊಸ್ಕೋಪಿಯಿಂದ ತೆಗೆದ ಚೂರಿನ ಪರೀಕ್ಷೆಯಿಂದ ಪತ್ತೆ ಹಚ್ಚುತ್ತಾರೆ. ಆಮ್ಲ ತಗ್ಗಿಸುವ ಗುಳಿಗೆ ನುಂಗುತ್ತಲೇ ಈ ಪರೀಕ್ಷೆ ಮಾಡಿಸಿದರೆ ಜೀವಿ ಇದ್ದರೂ ಇಲ್ಲವೆಂದು ಬರಬಹುದು. ಆದುದರಿಂದ ಏನೇನು ನುಂಗುತ್ತಿದ್ದೀರೆಂಬುದನ್ನು ವೈದ್ಯರಿಗೆ ಮುಚ್ಚಿಡಬೇಡಿರಿ. ಚಿಕಿತ್ಸೆ ಸಾಮಾನ್ಯವಾಗಿ ಹದಿನಾಲ್ಕು ದಿನದ್ದು. ನಾಲ್ಕು ದಿನಕ್ಕೆ ಹೊಟ್ಟೆ ಹಗುರಾಯಿತೆಂದು ಔಷಧ ಬಿಟ್ಟರೆ ಜೀವಿ ಸಾಯುವುದಿಲ್ಲ. ಔಷಧಕ್ಕೆ ಬಗ್ಗದಂತೆ ಗಟ್ಟಿಯಾಗುತ್ತದೆ.

ಎರಡನೆಯ ಕಾರಣ, ನೋವಿನ ಗುಳಿಗೆ. ರಬಕವಿ, ಬನಹಟ್ಟಿಯ ನೇಕಾರ ಇಡೀ ದಿನ ಮಗ್ಗದ ಮುಂದೆ ಬಗ್ಗುತ್ತಾನೆ. ಕಬ್ಬು ಕಡಿಯುವವನ ನಡು ಸಂಜೆಗೆ ನೆಟ್ಟಗಾಗುವುದಿಲ್ಲ. ಸಕ್ಕರೆ ಕಾರ್ಖಾನೆಯಲ್ಲಿ ಚೀಲ ಹೊರುವವನ ಹೆಗಲು ಇಳಿದಿರುತ್ತದೆ. ನಾಳೆಯೂ ದುಡಿಯಲೇಬೇಕು. ಅದಕ್ಕೆ ಡೈಕ್ಲೋಫೆನಾಕ್, ಐಬುಪ್ರೊಫೆನ್, ಆಸ್ಪಿರಿನ್ ಜಾತಿಯ ಗುಳಿಗೆ. ನಡುವಿನ ನೋವು ನಿಲ್ಲುತ್ತದೆ, ಹೊಟ್ಟೆಯ ನೋವು ಮೊದಲಾಗುತ್ತದೆ. ಯಾಕೆ? ೧೯೭೧ರಲ್ಲಿ ಇಂಗ್ಲಂಡಿನ ಜಾನ್ ವೇನ್ ಎಂಬ ವಿಜ್ಞಾನಿ ಇದರ ಗುಟ್ಟು ತಿಳಿಸಿದ. ೧೯೮೨ರಲ್ಲಿ ಅವನಿಗೂ ನೊಬೆಲ್ ಬಂತು. ಪ್ರೋಸ್ಟಗ್ಲಾಂಡಿನ್ ಎಂಬ ಪದಾರ್ಥ ದೇಹದಲ್ಲಿ ನೋವನ್ನೂ ಬಾವನ್ನೂ ಹೆಚ್ಚಿಸುತ್ತದೆ. ಅದೇ ಜಾತಿಯ ಪದಾರ್ಥ ಜಠರದ ಗಿಲಾವನ್ನು ಕಾಯುತ್ತದೆ. ಗುಳಿಗೆ ಎರಡನ್ನೂ ಒಟ್ಟಿಗೆ ನಿಲ್ಲಿಸುತ್ತದೆ. ಕಳ್ಳನ ಜೊತೆಗೆ ಕಾವಲುಗಾರನನ್ನೂ ಹಿಡಿದು ಕಟ್ಟಿದ ಹಾಗೆ.

ಹೃದಯದ ರೋಗಕ್ಕೆಂದು ವೈದ್ಯರು ಬರೆದುಕೊಟ್ಟ ಆಸ್ಪಿರಿನ್ನನ್ನು ಮಾತ್ರ ಯಾರೂ ತಾವಾಗಿ ಬಿಡಬಾರದು. ಹೊಟ್ಟೆ ಉರಿದರೆ ಅವರನ್ನೇ ಕೇಳಿರಿ. ನಾನು ಹೇಳುವುದು ಕಿರಾಣಿ ಅಂಗಡಿಯಲ್ಲಿ ಬೀಡಿ, ಬೆಂಕಿಪೆಟ್ಟಿಗೆಯ ಜೊತೆ ಬಿಡಿಯಾಗಿ ಸಿಗುವ ಗುಳಿಗೆಯ ವಿಷಯ.

ಮೂರನೆಯ ಕಾರಣ, ನಮ್ಮ ದಿನಚರಿ. ಬೆಳಿಗ್ಗೆ ಬರೀ ಹೊಟ್ಟೆಗೆ ಚಹಾ. ಹತ್ತಕ್ಕೆ ಮತ್ತೆ ಚಹಾ. ಹಸಿವು ಕೊಲ್ಲಲು ಬಾಯಲ್ಲಿ ತಂಬಾಕು. ಮೂರು ಗಂಟೆಗೆ ಮಿರ್ಚಿ ಭಜಿ. ರಾತ್ರಿ ಹತ್ತಕ್ಕೆ ಹೊಟ್ಟೆ ತುಂಬ ರೊಟ್ಟಿ ತಿಂದು ಕೂಡಲೆ ಮಲಗುವುದು. ತುಂಬಿದ ಹೊಟ್ಟೆಯಿಂದ ಮಲಗಿದರೆ ಆಮ್ಲ ಮೇಲೇರಿ ಅನ್ನನಾಳವನ್ನು ಸುಡುತ್ತದೆ. ಉಂಡ ಕೂಡಲೆ ಮಗ್ಗದ ಮುಂದೆ ಮುದುಡಿ ಕೂತರೂ ಅದೇ ಗತಿ. ಹುಳಿ ತೇಗು, ಎದೆಯುರಿ, ಬೆಳಗಿನ ಓಕರಿಕೆ ಇದರಿಂದ ಬರುತ್ತವೆ. ಊಟಕ್ಕೂ ಮಲಗುವುದಕ್ಕೂ ನಡುವೆ ಎರಡು ಮೂರು ತಾಸು ಅಂತರವಿರಲಿ.

ಖಾರದ ಮೇಲೆ ಮಾತ್ರ ಎಲ್ಲ ಅಪವಾದ ಹೊರಿಸಬೇಡಿರಿ. ಕೆಂಪು ಖಾರ ಹುಣ್ಣಿಗೆ ಮೂಲವೆಂದು ಸಿದ್ಧವಾಗಿಲ್ಲ. ಆದರೆ ಆಗಲೇ ಕೆರಳಿದ ಹೊಟ್ಟೆಗೆ ಅದು ಉರಿ ಹೆಚ್ಚಿಸುತ್ತದೆ. ತಂಬಾಕಿನ ಮಾತು ಬೇರೆ. ಅದರ ನಿಕೋಟಿನ್ ತಾನೇ ಓಕರಿಕೆ ತರುವ ವಸ್ತು. ಹೊಗೆಯಂತೂ ಹುಣ್ಣು ಮಾಯಲು ಬಿಡುವುದಿಲ್ಲ. ಕರ್ನಾಟಕದಲ್ಲಿ ೨೦೧೩ರಲ್ಲಿ ಗುಟಕಾ ನಿಷೇಧವಾಯಿತು. ಆದದ್ದೇನು? ಪಾನ್ ಮಸಾಲೆಯ ಚೀಟಿ ಬೇರೆ, ತಂಬಾಕಿನ ಚೀಟಿ ಬೇರೆಯಾಗಿ ಬಂದವು. ಗಿರಾಕಿ ಎರಡನ್ನೂ ಕೊಂಡು ಅಂಗೈಯಲ್ಲಿ ಕೂಡಿಸಿದ. ಇನ್ನು ಸೆರೆ. ಅದು ಜಠರದ ಪದರನ್ನು ಸುಡುತ್ತದೆ, ಯಕೃತ್ತನ್ನು ಕೆಡಿಸುತ್ತದೆ, ಮೇದೋಜೀರಕವೆಂಬ ಅಂಗವನ್ನು ಬಾಯಿಸುತ್ತದೆ. ಬೆನ್ನಿಗೆ ಹಾಯುವಂಥ ಹೊಟ್ಟೆನೋವು ಕುಡಿಯುವವನಿಗೆ ಬಂದರೆ ಅದನ್ನು ಗ್ಯಾಸ್ ಎಂದು ತಿಳಿಯುವುದು ಸಾವಿನೊಡನೆ ಸರಸ.

ನಾಲ್ಕನೆಯ ಕಾರಣ, ನೀರು. ಇದು ನಮ್ಮ ಊರಿನವರು ಕಿವಿಗೊಟ್ಟು ಕೇಳತಕ್ಕದ್ದು. ಅನಗವಾಡಿ ಘಟಪ್ರಭೆಯ ದಂಡೆಯ ಊರು. ಚಿಕ್ಕಸಂಗಮದಲ್ಲಿ ಈ ಹೊಳೆ ಕೃಷ್ಣೆಯನ್ನು ಕೂಡುತ್ತದೆ. ಆಲಮಟ್ಟಿಯ ಹಿನ್ನೀರು ಈ ಸೀಮೆಯ ಎಷ್ಟೋ ಹೊಲ ಮನೆಗಳನ್ನು ನುಂಗಿತು. ಕಣ್ಣೆದುರಿಗೆ ಇಷ್ಟು ನೀರಿದ್ದರೂ ಕುಡಿಯುವ ನೀರಿನ ಚಿಂತೆ ತಪ್ಪಿಲ್ಲ. ಹೊಳೆಯ ನೀರನ್ನು ಶುದ್ಧಮಾಡದೆ ಕುಡಿದರೆ ಆಮಶಂಕೆ, ಜಂತು, ಕಾಮಾಲೆ. ಕಾಮಾಲೆಯ ಮೊದಲ ಲಕ್ಷಣ ಕಣ್ಣು ಹಳದಿಯಾಗುವುದಲ್ಲ. ಊಟ ಬೇಡವಾಗುವುದು, ಓಕರಿಕೆ, ಸುಸ್ತು. ಮೂತ್ರ ಕಡು ಹಳದಿಯಾಗುವುದು ಆಮೇಲೆ.

ಹೊಳೆಯ ನೀರು ಬೇಡವೆಂದು ಕೊಳವೆ ಬಾವಿಗೆ ಹೋದರೆ ಅಲ್ಲಿ ಇನ್ನೊಂದು ವೈರಿ ಇರಬಹುದು: ಫ್ಲೋರೈಡ್. ಬಾಗಲಕೋಟೆ ಜಿಲ್ಲೆಯ ಕೆಲವು ಭಾಗಗಳ ಅಂತರ್ಜಲದಲ್ಲಿ ಇದು ಮಿತಿ ಮೀರಿದೆ. ನಮ್ಮ ದೇಶದಲ್ಲಿ ಈ ರೋಗವನ್ನು ೧೯೩೭ರಲ್ಲಿಯೇ ನೆಲ್ಲೂರಿನ ಕಡೆ ಗುರುತಿಸಿದ್ದರು. ಕುಡಿಯುವ ನೀರಿನ ಒಂದು ಲೀಟರಿನಲ್ಲಿ ೧ ಮಿಲಿಗ್ರಾಂ ಒಳಗಿರಬೇಕು. ಬೇರೆ ನೀರೇ ಇಲ್ಲದಿದ್ದರೆ ೧.೫ರ ತನಕ ಎಂಬುದು ಭಾರತೀಯ ಮಾನಕ. ಫ್ಲೋರೈಡೆಂದರೆ ಕಂದುಗಟ್ಟಿದ ಹಲ್ಲು, ಸೊಟ್ಟ ಕಾಲು ಎಂದಷ್ಟೇ ನಾವು ತಿಳಿದಿದ್ದೇವೆ. ಎಲುಬಿಗೆ ಮುಟ್ಟುವ ಮೊದಲೇ ಅದು ಹೊಟ್ಟೆಗೆ ಮುಟ್ಟುತ್ತದೆ. ಜಠರದ ಆಮ್ಲದೊಡನೆ ಕೂಡಿ ಹೈಡ್ರೋಫ್ಲೋರಿಕ್ ಆಮ್ಲವಾಗಿ ಒಳಪದರನ್ನು ಕೆರಳಿಸುತ್ತದೆ. ಆಗ ಓಕರಿಕೆ, ಹೊಟ್ಟೆ ನೋವು, ಉಬ್ಬರ, ಒಮ್ಮೆ ಮಲಬದ್ಧತೆ, ಒಮ್ಮೆ ಭೇದಿ. ಫ್ಲೋರೈಡ್ ಇಲ್ಲದ ನೀರಿಗೆ ಬದಲಾದರೆ ಈ ಹೊಟ್ಟೆಯ ತೊಂದರೆ ಕೆಲವು ವಾರಗಳಲ್ಲಿ ಇಳಿಯುತ್ತದೆ. ಬಗ್ಗಿದ ಎಲುಬು ಮಾತ್ರ ಮತ್ತೆ ನೆಟ್ಟಗಾಗುವುದಿಲ್ಲ. ಆದುದರಿಂದ ಹೊಟ್ಟೆ ಹೇಳುವ ಮಾತನ್ನು ಮೊದಲೇ ಕೇಳಬೇಕು.

ಒಂದು ಎಚ್ಚರಿಕೆ: ಕುದಿಸಿದರೆ ಸೂಕ್ಷ್ಮಜೀವಿಗಳು ಸಾಯುತ್ತವೆ, ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅದರ ಪ್ರಮಾಣ ಹೆಚ್ಚುತ್ತದೆ. ಬಣ್ಣ, ವಾಸನೆ, ರುಚಿ ನೋಡಿ ಅದನ್ನು ತಿಳಿಯಲಾಗದು. ಪರೀಕ್ಷೆಯೊಂದೇ ದಾರಿ. ೨೦೧೯ರಲ್ಲಿ ಹೊರಟ ಜಲಜೀವನ ಮಿಷನ್ನಿನಲ್ಲಿ ಹಳ್ಳಿಗಳಿಗೆ ನೀರಿನ ಪರೀಕ್ಷೆಯ ಪೆಟ್ಟಿಗೆ ಕೊಟ್ಟು, ಊರಿಗೆ ಐದು ಜನ ಹೆಣ್ಣುಮಕ್ಕಳಿಗೆ ಕಲಿಸಬೇಕೆಂಬ ಏರ್ಪಾಡು ಮಾಡಲಾಯಿತು. ಆ ಪೆಟ್ಟಿಗೆ ನಮ್ಮ ಪಂಚಾಯತಿಯಲ್ಲಿ ಎಲ್ಲಿದೆ? ಕಲಿತವರು ಯಾರು? ಕಳೆದ ಬಾರಿ ಯಾವ ಬಾವಿಯ ನೀರಿಗೆ ಎಷ್ಟು ಬಂತು? ಗ್ರಾಮಸಭೆಯಲ್ಲಿ ಎದ್ದು ನಿಂತು ಈ ಮೂರು ಪ್ರಶ್ನೆ ಕೇಳಲು ಯಾವ ಡಿಗ್ರಿಯೂ ಬೇಕಿಲ್ಲ.

ಐದನೆಯದು, ಕಾವು. ಸಕ್ಕರೆ ಕಾರ್ಖಾನೆಯ ಬಾಯ್ಲರಿನ ಬಳಿ, ರಸ ಕುದಿಯುವ ಕಡಾಯಿಗಳ ಬಳಿ ದುಡಿಯುವವನ ಮೈ ನೀರೆಲ್ಲ ಬೆವರಾಗಿ ಹೋಗುತ್ತದೆ. ತಲೆ ತಿರುಗಿ ಓಕರಿಕೆ ಬಂದರೆ ಅದು ಪಿತ್ತವಲ್ಲ, ಕಾವಿನ ಹೊಡೆತ. ನೆರಳು, ನೀರು, ಸ್ವಲ್ಪ ಉಪ್ಪು ಸಕ್ಕರೆ ಬೆರೆಸಿದ ಪಾನಕ, ವಿಶ್ರಾಂತಿ ಇವು ಔಷಧ. ಹಾಗೆಯೇ ಕಬ್ಬಿಗೆ, ಹತ್ತಿಗೆ ಕೀಟನಾಶಕ ಹೊಡೆದು ಬಂದವನಿಗೆ ಓಕರಿಕೆ, ಬಾಯಲ್ಲಿ ಜೊಲ್ಲು, ಕಣ್ಣು ಮಂಜು ಆದರೆ ಅದು ವಿಷ ಏರಿದ ಗುರುತು. ಅವನನ್ನು ನೇರವಾಗಿ ಆಸ್ಪತ್ರೆಗೆ ಒಯ್ಯಬೇಕು. ಔಷಧದ ಡಬ್ಬಿಯನ್ನೂ ಜೊತೆಗೆ ಒಯ್ಯಬೇಕು.

ಇನ್ನು, ಜಠರದ್ದೇ ಅಲ್ಲದ ಬೇನೆಗಳೂ ಹೊಟ್ಟೆಯ ವೇಷ ಹಾಕಿ ಬರುತ್ತವೆ. ಪಿತ್ತಕೋಶದ ಹರಳು: ಎಣ್ಣೆಯ ಊಟದ ಬಳಿಕ ಬಲಪಕ್ಕೆಯ ಕೆಳಗೆ ನೋವು. ಸಕ್ಕರೆ ರೋಗ: ಹಳೆಯದಾದರೆ ಜಠರದ ನರಗಳು ಸೋತು ಉಂಡದ್ದು ಮುಂದೆ ಸರಿಯುವುದಿಲ್ಲ. ಮೂತ್ರಪಿಂಡದ ರೋಗ: ಬೆಳಗಿನ ಓಕರಿಕೆ, ಕಾಲಿಗೆ ಬಾವು. ಕರುಳಿನ ಕ್ಷಯ: ಸಂಜೆಯ ಜ್ವರ, ದಿನೇ ದಿನೇ ಸೊರಗುವುದು. ಹೆಣ್ಣುಮಕ್ಕಳಿಗೆ ಬಸಿರು, ಮುಟ್ಟು ತಪ್ಪಿದೆಯೇ ಎಂಬುದನ್ನು ಕೇಳದೆ ಓಕರಿಕೆಗೆ ಗುಳಿಗೆ ಕೊಡಬಾರದು.

ಎಲ್ಲಕ್ಕಿಂತ ಕೆಟ್ಟದ್ದು ಹೃದಯಾಘಾತ. ಅದು ಯಾವಾಗಲೂ ಎಡ ಎದೆ ಹಿಡಿದುಕೊಂಡು ಬೀಳುವ ಹಾಗೆ ಬರುವುದಿಲ್ಲ. ಹೊಟ್ಟೆಯ ಮೇಲ್ಭಾಗದಲ್ಲಿ ಒತ್ತಿದ ಹಾಗೆ, ಓಕರಿಕೆ, ತಣ್ಣನೆಯ ಬೆವರು, ದಮ್ಮು, ದವಡೆಗೋ ತೋಳಿಗೋ ಹರಿಯುವ ನೋವು. ಹೆಂಗಸರಿಗೆ ಮತ್ತು ಸಕ್ಕರೆ ರೋಗದವರಿಗೆ ಎದೆನೋವೇ ಇಲ್ಲದೆ ಬರುವುದುಂಟು. “ಗ್ಯಾಸ್ ಆಗೇತಿ, ಸ್ವಲ್ಪ ಮಲಗ್ತೀನಿ” ಎಂದು ಮಲಗಿದವರು ಏಳದೆ ಹೋದ ಸುದ್ದಿ ಎಲ್ಲ ಊರುಗಳಲ್ಲಿಯೂ ಇದೆ. ಇಂಥ ಹೊತ್ತಿನಲ್ಲಿ ಸೋಡಾ ತರಲು ಹುಡುಗನನ್ನು ಓಡಿಸಬೇಡಿರಿ. ೧೦೮ಕ್ಕೆ ಫೋನು ಮಾಡಿರಿ.

ಕೆಲವು ಗುರುತುಗಳನ್ನು ಎಲ್ಲರೂ ನೆನಪಿನಲ್ಲಿಡಬೇಕು. ಹೊಟ್ಟೆನೋವಿನ ಸಂಗಡ ತೂಕ ಇಳಿಯುವುದು; ನುಂಗಲು ಕಷ್ಟ; ಮೇಲಿಂದ ಮೇಲೆ ವಾಂತಿ; ರಕ್ತವಾಂತಿ ಅಥವಾ ಕಾಫಿ ಪುಡಿಯಂಥ ವಾಂತಿ; ಡಾಂಬರಿನಂಥ ಕಪ್ಪು ಮಲ; ಮೈ ಬಿಳಿಚಿಕೊಳ್ಳುವುದು; ಹೊಟ್ಟೆಯಲ್ಲಿ ಗಡ್ಡೆ; ಕಾಮಾಲೆ; ವಯಸ್ಸು ಐವತ್ತು ದಾಟಿದ ಮೇಲೆ ಹೊಸದಾಗಿ ಹತ್ತಿದ ಅಜೀರ್ಣ. ಇವುಗಳಲ್ಲಿ ಒಂದು ಕಂಡರೂ ಮನೆಮದ್ದಿನ ಕಾಲ ಮುಗಿಯಿತೆಂದು ತಿಳಿಯಿರಿ. ರಕ್ತವಾಂತಿಯಾದರೆ, ಮಲ ಕಪ್ಪಾದರೆ ಅಂದೇ ಆಸ್ಪತ್ರೆ. ಉಳಿದವಕ್ಕೆ ಬೀಳಗಿಯ ತಾಲೂಕು ಆಸ್ಪತ್ರೆಯಲ್ಲಿ ತೋರಿಸಿರಿ. ಅಲ್ಲಿಂದ ಬಾಗಲಕೋಟೆಯ ಜಿಲ್ಲಾ ಆಸ್ಪತ್ರೆಗೆ ಚೀಟಿ ಬರೆಸಿಕೊಳ್ಳಿರಿ. ಗುರುತು ಯಾವುದೂ ಇಲ್ಲದಿದ್ದರೂ ತೊಂದರೆ ಎರಡು ಮೂರು ವಾರ ಬಿಡದೆ ಕಾಡಿದರೆ ತೋರಿಸಲೇಬೇಕು.

ವೈದ್ಯರ ಬಳಿ ಹೋಗುವ ಮುನ್ನ ಎಂಟು ದಿನದ ಲೆಕ್ಕ ಬರೆದಿಡಿರಿ. ವ್ಯಾಪಾರಸ್ಥರಿಗೆ ರೋಜಕೀರ್ದಿ ಬರೆಯುವುದನ್ನು ನಾನು ಕಲಿಸಬೇಕಿಲ್ಲ. ನೋವು ಎಷ್ಟು ಗಂಟೆಗೆ ಬಂತು? ಊಟಕ್ಕೆ ಮೊದಲೋ ಆಮೇಲೋ? ಏನು ತಿಂದಿದ್ದಿರಿ, ಯಾವ ಗುಳಿಗೆ, ಯಾವ ನೀರು, ಯಾವ ಪಾಳಿ? ಹಾಲು ಕುಡಿದ ದಿನ ಮಾತ್ರ ಉಬ್ಬರ ಬಂದರೆ ಹಾಲು ಅರಗದ ಹೊಟ್ಟೆ ನಿಮ್ಮದಿರಬಹುದು. ಈ ಲೆಕ್ಕ ಕೈಯಲ್ಲಿದ್ದರೆ ವೈದ್ಯರು ಗುಂಪಿನ ನಡುವೆ ಕೊಡುವ ಐದು ನಿಮಿಷವೂ ಅರ್ಧ ತಾಸಿನಷ್ಟು ಉಪಯೋಗವಾಗುತ್ತದೆ.

ಈಗ ಇಬ್ಬರಿಗೂ ಒಂದೊಂದು ಮಾತು. ಅಂಗಡಿಕಾರ ಬಂಧುಗಳೇ, “ನಾವು ಮಾರದಿದ್ದರೆ ಪಕ್ಕದವನು ಮಾರುತ್ತಾನೆ” ಎಂಬ ನಿಮ್ಮ ಮಾತು ಸುಳ್ಳಲ್ಲ. ಒಬ್ಬನೇ ಬಿಟ್ಟರೆ ಅವನೊಬ್ಬನ ಗಲ್ಲೆ ಬರಿದಾಗುತ್ತದೆ. ಅದಕ್ಕೆ ಒಬ್ಬರು ಬಿಡಬೇಡಿರಿ, ಎಲ್ಲರೂ ಕೂಡಿ ಬಿಡಿರಿ. ನೋವಿನ ಗುಳಿಗೆಯನ್ನು ಬಿಡಿಯಾಗಿ ಮಾರುವುದಿಲ್ಲ, ಭಜಿಯ ಎಣ್ಣೆಯನ್ನು ಕಪ್ಪಾಗುವ ತನಕ ಕಾಯಿಸುವುದಿಲ್ಲ, ಕುಡಿಯುವ ನೀರಿನ ಕೊಡ ಮುಚ್ಚದೆ ಇಡುವುದಿಲ್ಲ ಎಂದು ಪೇಟೆಯವರೆಲ್ಲ ಒಂದು ಸಂಜೆ ಕೂತು ನಿರ್ಧರಿಸಿರಿ. ಗಿರಾಕಿ ಆರೋಗ್ಯವಾಗಿ ದುಡಿದರೆ ತಾನೆ ನಿಮ್ಮ ಉದ್ರಿ ತೀರುವುದು?

ಗಿರಣಿಯ ಬಂಧುಗಳೇ, ಹೊತ್ತಿಗೆ ಸರಿಯಾಗಿ ಊಟ ಮಾಡಿರೆಂದು ಹೇಳುವುದು ಸುಲಭ. ಊಟದ ಹೊತ್ತು ಯಾರ ಕೈಯಲ್ಲಿದೆ? ಒಬ್ಬ ಕೆಲಸಗಾರ ಸತತವಾಗಿ ಐದು ತಾಸಿಗಿಂತ ಹೆಚ್ಚು ದುಡಿಯಕೂಡದು, ನಡುವೆ ಅರ್ಧ ತಾಸಾದರೂ ವಿಶ್ರಾಂತಿ ಕೊಡಬೇಕು, ಶುದ್ಧವಾದ ಕುಡಿಯುವ ನೀರನ್ನು ಅನುಕೂಲದ ಸ್ಥಳದಲ್ಲಿ ಇಡಬೇಕು ಎಂದು ೧೯೪೮ರ ಕಾರ್ಖಾನೆ ಕಾಯ್ದೆಯಲ್ಲಿಯೇ ಬರೆದರು. ಕಾಯ್ದೆಗಳ ಹೆಸರು ಬದಲಾಗುತ್ತವೆ. ಹೊಟ್ಟೆಯ ಕಾಯ್ದೆ ಬದಲಾಗುವುದಿಲ್ಲ. ಸಂಬಳದ ಬೇಡಿಕೆಯ ಪತ್ರ ಬರೆಯುವಾಗ ಊಟದ ಅರ್ಧ ತಾಸನ್ನೂ, ನೀರಿನ ಪರೀಕ್ಷೆಯ ಚೀಟಿಯನ್ನು ಗೋಡೆಗೆ ಹಚ್ಚಬೇಕೆಂಬುದನ್ನೂ ಅದರಲ್ಲಿ ಬರೆಯಿರಿ. ಸಣ್ಣ ಮಗ್ಗದ ಶೆಡ್ಡುಗಳಲ್ಲಿ ಕಾಯ್ದೆ ಕಾಲಿಡುವುದೇ ಅಪರೂಪ. ಅಲ್ಲಿ ಯಜಮಾನನೂ ನೇಕಾರನೂ ಒಂದೇ ಕೊಡದ ನೀರು ಕುಡಿಯುತ್ತಾರೆ. ಅವನಿಗೂ ಹೊಟ್ಟೆಯುಂಟು ಎಂದು ತಿಳಿಸಿ ಹೇಳಿರಿ.

ಒಂದೇ ಮಾತಿನಲ್ಲಿ ಮುಗಿಸುತ್ತೇನೆ. ಮೇಲಿಂದ ಮೇಲೆ ಬರುವ ಬೇನೆಗೆ ಒಂದು ಕಾರಣ ಇದ್ದೇ ಇದೆ. ಕೆಲವು ಕಾರಣ ನಮ್ಮ ಬಾಯಲ್ಲಿದೆ, ಅದನ್ನು ನಾವೇ ಬಿಡಬೇಕು. ಕೆಲವು ದೇಹದ ಒಳಗಿದೆ, ಅದನ್ನು ವೈದ್ಯರು ಹುಡುಕಬೇಕು. ಕೆಲವು ಊರಿನ ನೀರಿನಲ್ಲಿ, ಗಿರಣಿಯ ಗಡಿಯಾರದಲ್ಲಿ ಇದೆ. ಅದನ್ನು ನಾವೆಲ್ಲ ಕೂಡಿ ಸರಿಪಡಿಸಬೇಕು. ಬರುವ ಗ್ರಾಮಸಭೆಗೆ ಪ್ರತಿ ಓಣಿಯಿಂದ ಒಂದೊಂದು ಬಾಟಲಿ ನೀರು ತುಂಬಿಕೊಂಡು ಬನ್ನಿರಿ. ಪರೀಕ್ಷೆಯ ಪೆಟ್ಟಿಗೆಯನ್ನು ಎಲ್ಲರ ಎದುರಿಗೆ ತೆರೆಸೋಣ.